ತಾಮ್ರದ ಷೇರು, ಹೆಂಡತಿಯ ಮಂಡಿ

ಕಿಡಿಯಣ್ಣನಿಗೆ ಹಳೇ ಕಾರ್ಖಾನೆಯಿಂದ ಹದಿನಾಲ್ಕು ತಿಂಗಳ ಸಂಬಳ ಬರಬೇಕಿತ್ತು. ಜೊತೆಗೆ ದುಡಿದ ನಾವೆಲ್ಲ ಗೇಟಿನ ಮುಂದೆ ಮೂರು ವರ್ಷ ಕೂತು, ಗಂಟಲು ಹರಿದುಕೊಂಡು, ಏಳು ತಿಂಗಳದ್ದನ್ನು ಕಕ್ಕಿಸಿದೆವು. ಇನ್ನೇಳು ತಿಂಗಳದ್ದು ಈ ಹೊತ್ತಿಗೂ ಬಾಕಿ. ಬಂದದ್ದನ್ನು ಅವನು ಏನು ಮಾಡಿದ ಗೊತ್ತೆ? ಒಬ್ಬ ಮಾಲೀಕನಿಗೆ ಧಿಕ್ಕಾರ ಕೂಗಿ ತಂದ ದುಡ್ಡನ್ನು ಇನ್ನೊಬ್ಬ ಮಾಲೀಕನ ಕೈಗೆ ಇಟ್ಟುಬಂದ. ತಾಮ್ರದ ಗಣಿ ಕಂಪನಿಯೊಂದರ ಷೇರು ಕೊಂಡ. ಗಣಿ ಅಂದೆನಲ್ಲ, ಗಣಿ ಇನ್ನೂ ಇಲ್ಲ. ಒಂದು ಗುಡ್ಡ ಇದೆ. ಗುಡ್ಡದ ತುಂಬ ತೂತು ಕೊರೆದು, ತಾಮ್ರ ಇದ್ದರೂ ಇರಬಹುದು ಅನ್ನುವ ಕಂಪನಿ ಇದೆ.

ಅವನ ಕಸುಬು ಸಾಣೆ ಹಿಡಿಯುವುದು. ಕಾರ್ಖಾನೆ ಮುಚ್ಚಿದ ಮೇಲೆ ತಗಡಿನ ಶೆಡ್ಡೊಂದರಲ್ಲಿ ಕೂತು, ಕಲ್ಲು ಕೊರೆದು ಸವೆದ ಡ್ರಿಲ್ ಬಿಟ್‌ಗಳನ್ನು ಚೂಪು ಮಾಡುತ್ತಾನೆ. ಚಕ್ರದಿಂದ ಹಾರುವ ಕಿಡಿಗೆ ಅವನ ಅಂಗಿಗಳೆಲ್ಲ ಜರಡಿ. ಅಡ್ಡಹೆಸರು ಅಂಟಿದ್ದೂ ಹಾಗೆಯೇ. ಆ ಗುಡ್ಡದ ಬಿಟ್‌ಗಳೂ ಲಾರಿಯಲ್ಲಿ ಇವನ ಹತ್ತಿರವೇ ಬರುತ್ತವೆ. ಎಡವಿದ್ದು ಅಲ್ಲೇ. ಸಾಣೆಯವರಿಗೊಂದು ಗರ್ವ: ಅಂಚು ನೋಡಿಯೇ ಎಲ್ಲ ಹೇಳಬಲ್ಲೆವು ಅಂತ. ಎಲ್ಲಿ ಕೊರೆದಿರಿ, ಏಕೆ ಕೊರೆದಿರಿ ಎಂದು ಬಾಯಿಬಿಟ್ಟು ಕೇಳುವುದು ಅವರಿಗೆ ಅವಮಾನ.

ಷೇರು ಹನ್ನೆರಡರಿಂದ ಮೂವತ್ತೊಂದಕ್ಕೆ ಏರಿದ ವಾರವೇ ಅವನ ಹೆಂಡತಿಗೆ ಆಸ್ಪತ್ರೆಯವರು ದಿನ ಕೊಟ್ಟರು. ಇಪ್ಪತ್ತು ವರ್ಷ ನಿಂತೇ ಊರವರ ಬಟ್ಟೆ ಇಸ್ತ್ರಿ ಮಾಡಿದವಳು. ಬಲಮಂಡಿ ಪೂರಾ ಸವೆದಿತ್ತು. ಬರುವ ತಿಂಗಳ ಹತ್ತಕ್ಕೆ ಆಪರೇಷನ್, ಎಂಟಕ್ಕೆ ದುಡ್ಡು ಕಟ್ಟಬೇಕು. ದುಡ್ಡೆಲ್ಲ ಗುಡ್ಡದಲ್ಲಿತ್ತು.

ಅಡುಗೆಮನೆಯಲ್ಲಿ ಪಂಚಾಯ್ತಿ ಕೂತಿತು. ಅವಳ ತಮ್ಮ ಬಸ್ ಕಂಡಕ್ಟರ್; ಬೆಳಗಿನ ಟ್ರಿಪ್ಪಿನಲ್ಲಿ ಷೇರು ಕೊಂಡು ಮಧ್ಯಾಹ್ನದ ಟ್ರಿಪ್ಪಿನಲ್ಲಿ ಮಾರುವ ಪೈಕಿ.

"ಭಾವ, ಷೇರು ಅಂದ್ರೆ ಬಸ್ಸಿದ್ದಂಗೆ. ಹತ್ಬೇಕು, ಇಳೀಬೇಕು. ನೀವು ಹತ್ತಿ ಕೂತು ಗೊರಕೆ ಹೊಡೀತೀರಿ. ಈಗ ಮಾರಿ. ಇಪ್ಪತ್ತೈದಕ್ಕೆ ಬಿದ್ದಾಗ ಮತ್ತೆ ಕೊಂಡ್ರಾಯ್ತು."

"ಬೀಳದೆ ನಲವತ್ತಕ್ಕೆ ಹೋದ್ರೆ?"

"ಹೋದ್ರೆ ಹೋಗ್ಲಿ."

"ಹೋಗ್ಲಿ ಅಂತಾನೆ ನೋಡು! ಗಣಿ ಅನ್ನೋದು ಟಿಕೆಟ್ ಹರಿದಷ್ಟು ಸಲೀಸಲ್ಲ ಕಣೋ. ಹತ್ತು ವರ್ಷ ಕಾಯ್ಬೇಕು. ಎರಡು ವಾರದಿಂದ ಬರ್ತಿರೋ ಬಿಟ್ ನೋಡಿದೀಯಾ? ಹಲ್ಲೇ ಉಳಿದಿಲ್ಲ. ಆಳಕ್ಕೆ ಹೋಗಿದಾರೆ, ಏನೋ ಸಿಕ್ಕಿದೆ. ಅದಿರ್ಲಿ, ವರ್ಷವಿಡೀ ಹತ್ತಿ ಇಳಿದು ನೀನು ಗಳಿಸಿದ್ದೇನು?"

ಕಂಡಕ್ಟರ್ ಹೊಸಿಲಾಚೆ ಬಿಟ್ಟಿದ್ದ ಬೂಟಿನ ಕಡೆ ನೋಡಿದ. ಕಮಿಷನ್ ಕಳೆದು ಅವನಿಗೆ ಉಳಿದದ್ದು ಆ ಒಂದು ಜೊತೆ.

ಹೆಂಡತಿ ಮಂಡಿಗೆ ಬಿಸಿ ಬಟ್ಟೆ ಒತ್ತಿಕೊಳ್ಳುತ್ತಿದ್ದಳು. "ಒಬ್ರು ಎರಡು ಗಂಟೆಗೆ ಇಳೀತಾರೆ, ಒಬ್ರು ಹತ್ತು ವರ್ಷಕ್ಕೆ. ಎಂಟನೇ ತಾರೀಕು ಇಳಿಯೋಳನ್ನ ಯಾರೂ ಕೇಳೋ ಹಂಗಿಲ್ಲ."

"ನಿನ್ನ ಮಂಡಿಗೋಸ್ಕರಾನೇ ಕಣೆ ಕಾಯ್ತಿರೋದು. ನಲವತ್ತಾದ್ರೆ ಎರಡೂ ಮಂಡಿ ಮಾಡಿಸ್ಬೋದು."

"ಇನ್ನೊಂದು ಚೆನ್ನಾಗೇ ಇದೆ. ಅದನ್ನೂ ಕೆಡಿಸ್ಬೇಡಿ."

ಮೂರು ದಿನದಲ್ಲಿ ಷೇರು ಇಪ್ಪತ್ತೇಳಕ್ಕೆ ಜಾರಿತು. "ಉಸಿರು ತಗೊಳ್ತಿದೆ, ಅಷ್ಟೆ" ಅಂದ ಕಿಡಿಯಣ್ಣ. ಮಾರನೇ ದಿನ ಹೆಂಡತಿ ಕುಂಟುತ್ತಲೇ ಶೆಡ್ಡಿಗೆ ಊಟದ ಡಬ್ಬಿ ತಂದಳು. ಲಾರಿ ಡ್ರೈವರ್ ಬಿಟ್‌ಗಳನ್ನು ಇಳಿಸುತ್ತಿದ್ದ. ಗಂಡ ಎರಡು ವಾರ ಕೇಳದ ಪ್ರಶ್ನೆಯನ್ನು ಅವಳು ಎರಡೇ ನಿಮಿಷದಲ್ಲಿ ಕೇಳಿದಳು.

"ಅಲ್ಲಪ್ಪಾ, ಹಿಂಗೆ ಸವೆಸಿದೀರಲ್ಲ, ಎಲ್ಲಿ ಕೊರೀತಿದೀರಿ?"

"ಕ್ಯಾಂಪ್ ಹಿಂದೆ ಕಣಮ್ಮ, ಕುಡಿಯೋ ನೀರಿಗೆ. ಮೂರು ಕಡೆ ಕೊರೆದ್ವಿ, ಮೂರ್ಕಡೇನೂ ಬಂಡೆ. ಗುಡ್ಡದ ಮೇಲೆ ಕೆಲಸ ನಿಂತು ತಿಂಗಳಾಯ್ತಲ್ಲ. ಇನ್ನಷ್ಟು ದುಡ್ಡು ಬಂದ್ರೆ ಶುರು ಮಾಡ್ತಾರಂತೆ."

ಚಕ್ರ ಸುಮ್ಮನೆ ತಿರುಗುತ್ತಿತ್ತು. ಕಿಡಿಯಣ್ಣನ ಕೈ ಅದರ ಹತ್ತಿರ ಹೋಗಲಿಲ್ಲ.

"ನನಗೆ ಹೇಳ್ಬಾರ್ದಿತ್ತೇನೋ?"

"ನೀವೆಲ್ಲಿ ಕೇಳಿದ್ರಣ್ಣ?"

ಅಲ್ಲೇ ಸ್ಟೂಲಿನ ಮೇಲೆ ಕೂತು ಅವನು ಫೋನ್ ತೆಗೆದ. ಮೂವತ್ತು ವರ್ಷ ಸಾಣೆ ಹಿಡಿದವನ ಹೆಬ್ಬೆರಳಲ್ಲಿ ಗೆರೆ ಉಳಿದಿರುವುದಿಲ್ಲ. ಫೋನು ಅದನ್ನು ಬೆರಳೆಂದೇ ಒಪ್ಪುವುದಿಲ್ಲ. ಷೇರು ಖಾತೆ ತೆರೆದ ದಿನದಿಂದ ಅಲ್ಲಿ ಒತ್ತುತ್ತಿದ್ದುದು ಹೆಂಡತಿಯ ಹೆಬ್ಬೆರಳು. ಬೇಕೆಂದಿದ್ದರೆ ಯಾವ ದಿನವಾದರೂ ಅವಳೇ ಮಾರಿಬಿಡಬಹುದಿತ್ತು.

"ಮತ್ತೆ ಯಾಕೆ ಮಾರ್ಲಿಲ್ಲ?" ಅವನ ದನಿ ಸಣ್ಣಗಾಗಿತ್ತು.

"ಗೇಟ್ ಮುಂದೆ ಬಿಸಿಲಲ್ಲಿ ಕೂತು ತಂದಿದ್ದು ನೀವು. ನೀವೇ ಹೇಳ್ಲಿ ಅಂತ ಕಾದೆ. ಈಗೇನಂತೀರಿ?"

"ಒತ್ತು."

ಇಪ್ಪತ್ತಾರರ ದರಕ್ಕೆ ಮಾರಿಹೋಯಿತು. ಆಸ್ಪತ್ರೆಗೆ ಎಷ್ಟು ಬೇಕೋ ಅಷ್ಟನ್ನೇ ಮಾರಿದಳು, ಒಂದು ಹೆಚ್ಚಿಲ್ಲ. ಉಳಿದ ಷೇರು ತೋರಿಸಿ, "ಇದು ನಿಮ್ದು. ಹತ್ತು ವರ್ಷ ಕಾಯ್ತೀರೋ, ನನ್ ತಮ್ಮನ್ ಜೊತೆ ಹತ್ತಿ ಇಳೀತೀರೋ, ನಾನು ಕೇಳಲ್ಲ" ಅಂದಳು.

ಆಪರೇಷನ್ ಆಗಿದೆ. ಕೋಲು ಹಿಡಿದು ಮಹಡಿ ಹತ್ತುತ್ತಾಳೆ. ಬೈಗುಳ ಕೋಲಿಗಿಂತ ಮುಂದೆ ಹೋಗುತ್ತದೆ. ಷೇರು ಈಗ ಹತ್ತೊಂಬತ್ತು. ನಾಳೆ ಐವತ್ತಾಗಬಹುದು, ಐದೂ ಆಗಬಹುದು. ತಾಮ್ರವನ್ನು ಕಣ್ಣಾರೆ ಕಂಡವರು ಇನ್ನೂ ಯಾರೂ ಇಲ್ಲ. ಕಿಡಿಯಣ್ಣ ಉಳಿದದ್ದನ್ನು ಹಿಡಿದುಕೊಂಡೇ ಕೂತಿದ್ದಾನೆ. ನಿಶ್ಚಿಂತೆಯಾಗಿಯೇ ಕೂತಿದ್ದಾನೆ, ಏಕೆಂದರೆ ಆ ದುಡ್ಡಿಗೆ ಮನೆಯಲ್ಲಿ ಯಾರೂ ಕಾದು ನಿಂತಿಲ್ಲ.

ಈಗ ನಿಮ್ಮ ಸರದಿ. ನಿಮ್ಮ ಫೋನಿನಲ್ಲೂ ಇಂಥದ್ದೊಂದು ಗುಡ್ಡ ಇದ್ದೀತು. ಇವತ್ತು ಮಾರುವುದೋ, ಹತ್ತು ವರ್ಷ ಇಡುವುದೋ ಎಂದು ಭಾವಮೈದುನನ ಜೊತೆ ಕಿತ್ತಾಡುವುದು ಆಮೇಲೆ. ಆ ದುಡ್ಡು ಮನೆಯಲ್ಲಿ ಯಾರಿಗೆ ಬೇಕು, ಯಾವ ತಾರೀಕಿಗೆ ಬೇಕು ಎಂದು ಮೊದಲು ಅವರನ್ನೇ ಕೇಳಿ. ಇವತ್ತು ಊಟಕ್ಕೆ ಕೂರುವ ಮುಂಚೆ ಕೇಳಿ. ಅಷ್ಟನ್ನು ಮಾರಿ, ಅವರ ಕೈಗಿಡಿ.