ಗೇಟಕ್ಕ ಬಾರದ ದಿನ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಾಲೆಯೆದುರಿನ ರಸ್ತೆಯಾಚೆ, ಬಾಗಿಲು ಹಾಕಿದ ಸೈಕಲ್ ರಿಪೇರಿ ಅಂಗಡಿಯ ಪಕ್ಕ ಒಂದು ನೀರಿನ ಟ್ಯಾಂಕು. ಅದರ ಹಿಂದೆ ನಡುವಯಸ್ಸಿನ ಹೆಂಗಸೊಬ್ಬರು ಬಗ್ಗಿ ಕೂತಿದ್ದಾರೆ. ತಲೆಗೆ ಮಫ್ಲರು, ಕಾಲಿಗೆ ಗಂಡನ ಹಳೇ ಬೂಟು, ಮಡಿಲಲ್ಲಿ ಚಹಾದ ಫ್ಲಾಸ್ಕು. ಆಗಾಗ ಕತ್ತು ಉದ್ದ ಮಾಡಿ ಶಾಲೆಯ ಗೇಟಿನ ಕಡೆ ಇಣುಕುತ್ತಾರೆ, ತಟ್ಟನೆ ತಲೆ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ದಾರಿಹೋಕರು ಯಾರಾದರೂ ಪೊಲೀಸರಿಗೆ ಫೋನ್ ಮಾಡಿದರೆ ಅವರನ್ನು ಬೈಯುವ ಹಾಗಿಲ್ಲ. ಇವರು ಡಾಕ್ಟರೇಟ್‌ಗಾಗಿ ಓದುತ್ತಿರುವ ಸಂಶೋಧಕಿ, ಸದ್ಯ ಕೆಲಸದಲ್ಲಿದ್ದಾರೆ ಎಂದರೆ ಯಾರು ತಾನೇ ನಂಬುತ್ತಾರೆ?

“ತಲೆ ತಗ್ಗಿಸಿ,” ಎಂದು, ಇವರ ಬಗ್ಗೆ ಬರೆಯಲು ಜೊತೆಗೆ ಬಂದ ನನ್ನ ತೋಳು ಜಗ್ಗುತ್ತಾರೆ. “ಬಿಳಿ ಶರ್ಟು ಹಾಕ್ಕೊಂಡು ಬಂದಿದೀರಲ್ಲ, ಅಷ್ಟು ದೂರಕ್ಕೆ ಕಾಣುತ್ತೆ.”

ಶಾಲೆಯ ಬಸ್ಸು ಬರುತ್ತದೆ. ಚಿಕ್ಕ ಮಕ್ಕಳನ್ನು ಇಳಿಸಿ, ಬಂದ ದಾರಿಯಲ್ಲೇ ಎರಡನೆಯ ಸುತ್ತಿಗೆ ಹೊರಟುಹೋಗುತ್ತದೆ. ಗೇಟಿಗೆ ಬೀಗ. ಮಕ್ಕಳು ಕಾಂಪೌಂಡಿಗೆ ಬೆನ್ನು ಕೊಟ್ಟು ಸಾಲಾಗಿ ಕುಕ್ಕರಗಾಲಲ್ಲಿ ಕೂರುತ್ತಾರೆ. ಒಬ್ಬಳು ಬ್ಯಾಗನ್ನೇ ತಬ್ಬಿಕೊಂಡು ತೂಕಡಿಸುತ್ತಾಳೆ. ಶಾಲೆಯ ಬೆಲ್ಲಿಗೆ ಇನ್ನೂ ಒಂದು ಗಂಟೆಗಿಂತ ಹೆಚ್ಚು ಹೊತ್ತಿದೆ.

ನನಗೆ ತಡೆಯಲಾಗುವುದಿಲ್ಲ. ಹೋಗಿ ಯಾರಿಗಾದರೂ ಹೇಳಬಾರದೇ ಎಂದು ಪಿಸುಗುಟ್ಟುತ್ತೇನೆ.

“ಹೇಳಿದ್ರೆ ಇವತ್ತು ತೆಗೀತಾರೆ. ನಾಳೆ?” ಎನ್ನುತ್ತಾರೆ ಅವರು, ಗೇಟಿನಿಂದ ಕಣ್ಣು ಕೀಳದೆ.

ಅಷ್ಟರಲ್ಲಿ ಸಾಲಿನ ಕೊನೆಯಲ್ಲಿ ಕೂತ ಪುಟ್ಟ ಹುಡುಗಿಗೆ ಕೆಮ್ಮು ಹತ್ತುತ್ತದೆ. ಒಂದು ಸಲ, ಇನ್ನೊಂದು ಸಲ, ಆಮೇಲೆ ನಿಲ್ಲುವುದೇ ಇಲ್ಲ. ಸಂಶೋಧಕಿ ಫ್ಲಾಸ್ಕು ಕೈಗೆತ್ತಿಕೊಳ್ಳುತ್ತಾರೆ. “ಹಾಳಾಗ್ಲಿ, ಇವತ್ತಿನ ಕೆಲಸ ಕೆಟ್ಟೋಯ್ತು,” ಎನ್ನುತ್ತ ಎದ್ದು, ಬೂಟು ಎಳೆದುಕೊಂಡೇ ರಸ್ತೆ ದಾಟುತ್ತಾರೆ. ತಲೆಯ ಮಫ್ಲರು ಬಿಚ್ಚಿ ಆ ಹುಡುಗಿಯ ಕಿವಿ, ಕತ್ತು ಮುಚ್ಚುವ ಹಾಗೆ ಸುತ್ತುತ್ತಾರೆ. ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ, ಊದಿ ಕುಡಿಸುತ್ತಾರೆ. ತೂಕಡಿಸುತ್ತಿದ್ದವಳೂ ಎದ್ದು ಕೂಗುತ್ತಾಳೆ: “ಗೇಟಕ್ಕಾ! ಗೇಟಕ್ಕ ಬಂದ್ರು!”

ಆ ಹೆಸರಿನ ಹಿಂದೆ ಒಂದು ತಪ್ಪಿನ ಕಥೆಯಿದೆ. ಅದನ್ನು ಹೇಳುವ ಮೊದಲು ಗೇಟಕ್ಕನ ಪೂರ್ವಾಪರ ಸ್ವಲ್ಪ ತಿಳಿಯಬೇಕು.

ಇವರು ಮೂಲತಃ ಟೀಚರು. ಕೆಳಗಿನ ಬಡಾವಣೆಯಲ್ಲಿ ಒಂದೇ ಕೋಣೆಯ ಶಾಲೆ, ಅದಕ್ಕೆ ಇವರೊಬ್ಬರೇ ಮೇಡಂ. ಮಕ್ಕಳು ಕಡಿಮೆ ಎಂದು ಆ ಶಾಲೆಯನ್ನು ಮುಚ್ಚಿ ಹೆದ್ದಾರಿಯಾಚೆಯ ಈ ದೊಡ್ಡ ಶಾಲೆಯೊಳಗೆ ಸೇರಿಸಿದರು. ಮಕ್ಕಳಿಗೆ ಬಸ್ಸು ಬಂತು, ಮೇಡಮ್ಮಿಗೆ ಇಲಾಖೆಯ ಕಚೇರಿಯಲ್ಲಿ ಒಂದು ಕುರ್ಚಿ ಬಂತು. ಆ ಕುರ್ಚಿಯಲ್ಲಿ ಕೂತಿದ್ದಾಗಲೇ ಅವರ ಮೇಜಿನ ಮೇಲೆ ಒಂದು ವರದಿ ಹಾದುಹೋಯಿತು. ಕೆಳಗಿನ ಬಡಾವಣೆಯ ಚಿಕ್ಕ ಮಕ್ಕಳು ಒಬ್ಬೊಬ್ಬರಾಗಿ ಶಾಲೆ ಬಿಡುತ್ತಿದ್ದಾರೆ, ಕಾರಣ ದೂರ ಎಂದು ಅದರಲ್ಲಿ ಬರೆದಿತ್ತು.

“ನಂಗೆ ಅದು ನಂಬೋಕೇ ಆಗ್ಲಿಲ್ಲ,” ಎನ್ನುತ್ತಾರೆ. “ಮನೆ ಹತ್ರಾನೇ ಬಸ್ಸು ಬರುತ್ತೆ. ಕೂತ್ಕೊಂಡ್ರೆ ಶಾಲೆ ಮುಂದೆ ಇಳಿಸುತ್ತೆ. ಮತ್ತೆ ದೂರ ಎಲ್ಲಿಂದ ಬಂತು? ಆ ಮಕ್ಕಳು ನನ್ನ ಮಕ್ಕಳು. ಬಸ್ಸು ಅಂದ್ರೆ ಕುಣಿಯೋರು ಅವರು.”

ಯಾರನ್ನು ಕೇಳಿದರೂ ಭುಜ ಹಾರಿಸಿದರು. ಹಾಗಾದರೆ ನಾನೇ ಕಂಡುಹಿಡಿಯುತ್ತೇನೆ ಎಂದು ಸಂಬಳವಿಲ್ಲದ ರಜೆ ಹಾಕಿ ವಿಶ್ವವಿದ್ಯಾಲಯ ಸೇರಿದರು. ವಿಷಯ: ಶೈಕ್ಷಣಿಕ ಆಡಳಿತ ಮತ್ತು ನೀತಿ. ಕೇಳಿದರೆ ಆಕಳಿಕೆ ಬರುವಂಥ ಹೆಸರು, ನಾನೇನು ಸುಳ್ಳು ಹೇಳುವುದಿಲ್ಲ. ಆದರೆ ಶಾಲೆ ಎಲ್ಲಿರಬೇಕು, ಬೆಲ್ಲು ಯಾವಾಗ ಹೊಡೆಯಬೇಕು, ಬೀಗದ ಕೈ ಯಾರ ಹತ್ತಿರ ಇರಬೇಕು ಎಂಬುದೆಲ್ಲ ಈ ಹೆಸರಿನೊಳಗೇ ಬರುತ್ತದೆ. ಮಗುವಿನ ಒಂದಿಡೀ ದಿನ ಇದರ ಮೇಲೆ ನಿಂತಿದೆ.

ಮನೆಯಲ್ಲಿ ಗಂಡ ದರ್ಜಿ. ಮಗಳು ಹೈಸ್ಕೂಲು. ಸಂಜೆ ಹೊತ್ತು ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದಿನ ನಡುವೆಯೇ ಇವರು ಮಕ್ಕಳಿಗೆ ಟ್ಯೂಷನ್ ಹೇಳುತ್ತಾರೆ, ಮನೆ ನಡೆಯಬೇಕಲ್ಲ. ಬರೆದ ಪುಟಗಳನ್ನು ಮೊದಲು ಓದುವುದು ಮಗಳು. “ಅಮ್ಮಾ, ಈ ವಾಕ್ಯ ಶುರುವಾದ ಮೇಲೆ ನಾನು ಹೋಗಿ ನೀರು ಕುಡಿದು ಬಂದೆ, ಇನ್ನೂ ಮುಗಿದಿಲ್ಲ,” ಎಂದು ಕೆಂಪು ಪೆನ್ನಿನಿಂದ ಗೀಚುತ್ತಾಳೆ. ನೆಂಟರು ಮದುವೆ ಮನೆಯಲ್ಲಿ ಸಿಕ್ಕಾಗಲೆಲ್ಲ ಇನ್ನೂ ಮುಗಿಲಿಲ್ವಾ ಎಂದು ಕೇಳುವುದು ಇದ್ದೇ ಇದೆ. ಅದಕ್ಕೆ ಉತ್ತರಿಸುವ ಹೊಣೆ ಅತ್ತೆಯದು. “ನಮ್ಮ ಮನೇಲಿ ಸೊಸೆ, ಮೊಮ್ಮಗಳು ಇಬ್ಬರೂ ಓದ್ತಿದಾರೆ. ಯಾರು ಮೊದಲು ಪಾಸಾಗ್ತಾರೋ ನೋಡೋಣ,” ಎಂದು ಹೇಳಿ ಆ ಮುದುಕಿ ಎಲ್ಲರ ಬಾಯಿ ಮುಚ್ಚಿಸುತ್ತಾರೆ.

ವಿಶ್ವವಿದ್ಯಾಲಯದಲ್ಲಿ ಇವರ ವಿಭಾಗದ ಸಂಶೋಧಕರಿಗೆ ಕೊಟ್ಟಿರುವುದು ಮೇಲಿನ ಮಹಡಿಯ ಒಂದು ಹಳೇ ಉಗ್ರಾಣ. ಒಂದು ಕಿಟಕಿ, ಕಾಲು ಅಲ್ಲಾಡುವ ಮೇಜುಗಳು, ಗೋಡೆಗೆ ಒರಗಿಸಿದ ಮುರಿದ ಬೆಂಚುಗಳು. ಇಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ, ಅವರವರ ವಿಷಯವೇ ಅವರ ಹೆಸರು. “ವರ್ಗಾವಣೆ ಎಲ್ಲಿ?” “ಊಟಕ್ಕೆ ಹೋದ, ಜೊತೆಗೆ ಪರೀಕ್ಷೆನೂ ಹೋದ್ಲು.” “ವಿಲೀನ ಬಂದ್ರಾ?” ಶಾಲೆಗಳ ವಿಲೀನದ ಬಗ್ಗೆ ಓದುತ್ತಿರುವುದರಿಂದ ಇವರು ಇಲ್ಲಿ ವಿಲೀನ. ತಮಾಷೆ ಮಾಡುತ್ತಲೇ ಒಬ್ಬರ ಬರಹವನ್ನು ಇನ್ನೊಬ್ಬರು ತಿದ್ದುತ್ತಾರೆ, ಒಬ್ಬರ ಡಬ್ಬಿಗೆ ಇನ್ನೊಬ್ಬರು ಕೈ ಹಾಕುತ್ತಾರೆ. ತಾವು ಬರೆದದ್ದನ್ನು ಗೈಡು ಬಿಟ್ಟರೆ ಓದುವವರು ಯಾರೂ ಇಲ್ಲ ಎಂಬ ಭಯ ಪ್ರತಿಯೊಬ್ಬರಿಗೂ ಇದೆ. ಆ ಭಯ ಇಟ್ಟುಕೊಂಡೂ ದಿನಾ ಬಂದು ಕೂರುತ್ತಾರಲ್ಲ, ಅದಕ್ಕೆ ನನಗೆ ಇವರನ್ನು ಕಂಡರೆ ಗೌರವ.

ಈಗ ಆ ತಪ್ಪಿನ ವಿಷಯ.

ನಿಯಮದ ಪ್ರಕಾರ ಸಂಶೋಧಕರು ಶಾಲೆಗೆ ಹೋಗುವ ಮುನ್ನ ಇಂಥ ದಿನ ಬರುತ್ತೇವೆಂದು ತಿಳಿಸಬೇಕು. ಇವರು ಒಂದು ಸಲವೂ ತಪ್ಪದೆ ತಿಳಿಸಿದರು. ಇಸ್ತ್ರಿ ಮಾಡಿದ ಬಟ್ಟೆ, ಕೈಯಲ್ಲಿ ಫೈಲು. ಹೋದಾಗಲೆಲ್ಲ ಗೇಟು ತೆರೆದಿರುತ್ತಿತ್ತು, ಬೇಗ ಬಂದ ಮಕ್ಕಳು ಒಳಗೆ ಬೆಂಚಿನ ಮೇಲೆ ಕೂತಿರುತ್ತಿದ್ದರು, ಹೆಡ್‌ಮೇಡಂ ಬಾಗಿಲಲ್ಲೇ ನಿಂತು ಬರಮಾಡಿಕೊಳ್ಳುತ್ತಿದ್ದರು. ಬೆಳಗಿನ ವ್ಯವಸ್ಥೆಯಲ್ಲಿ ಏನೂ ಕೊರತೆಯಿಲ್ಲ ಎಂದು ಇಡೀ ಒಂದು ಅಧ್ಯಾಯ ಬರೆದರು. ಗೈಡು ಮೆಚ್ಚಿದರು, ವಿಚಾರ ಸಂಕಿರಣದಲ್ಲಿ ಚಪ್ಪಾಳೆಯೂ ಬಿತ್ತು.

ಒಂದು ದಿನ ಆ ಶಾಲೆಯ ಒಂದನೇ ತರಗತಿಯ ಹುಡುಗಿ ಇವರ ಸೆರಗು ಹಿಡಿದು ನಿಲ್ಲಿಸಿದಳು. ಅಜ್ಜಿ ಇಟ್ಟ ಅಡ್ಡಹೆಸರು ಚಿನಕುರುಳಿ. ಅಪ್ಪ ಅಮ್ಮ ಇಲ್ಲ, ಅಜ್ಜಿಯ ಜೊತೆ ಕೆಳಗಿನ ಬಡಾವಣೆಯಲ್ಲಿ ಇರುವವಳು. ಅವಳು ಕೇಳಿದ್ದು ಇಷ್ಟೇ: “ಗೇಟಕ್ಕಾ, ನಾಳೆನೂ ಬರ್ತೀರಾ? ನೀವು ಬಂದ್ರೆ ಗೇಟ್ ತೆಗೀತಾರೆ.”

“ನೆಲ ಕುಸಿದ ಹಾಗಾಯ್ತು ನಂಗೆ,” ಎನ್ನುತ್ತಾರೆ. ಹೇಳುವಾಗ ಈಗಲೂ ಧ್ವನಿ ಸಣ್ಣದಾಗುತ್ತದೆ. “ಮಕ್ಕಳು ಎಷ್ಟೋ ದಿನದಿಂದ ಗೇಟಕ್ಕ ಅಂತಿದ್ವು. ಪ್ರೀತಿಗೆ ಕರೀತಾವೆ ಅಂದ್ಕೊಂಡು ನಕ್ಕೊಂಡು ಹೋಗ್ತಿದ್ದೆ. ಯಾಕೆ ಹಾಗೆ ಕರೀತೀರಾ ಅಂತ ಕೇಳ್ಲೇ ಇಲ್ಲ. ನಾನು ನೋಡಿದ್ದೆಲ್ಲ ನಿಜಾನೇ. ಆದ್ರೆ ನಾನು ಹೋದ ದಿನದ ನಿಜ ಅದು.”

ಮರುದಿನ ಯಾರಿಗೂ ಹೇಳದೆ ಹೋದರು. ಗೇಟಿಗೆ ಬೀಗ, ಹೊರಗೆ ಮಕ್ಕಳು. ನೀರಿನ ಟ್ಯಾಂಕಿನ ಹಿಂದೆ ಕೂರುವುದು ಶುರುವಾದದ್ದು ಅಂದಿನಿಂದ. ಶಾಲೆಗೆ ಕದ್ದುಮುಚ್ಚಿ ಹೋಗುವುದು ಸರಿಯಲ್ಲವೆಂದು ಗೈಡು ಮೊದಲು ತಕರಾರು ತೆಗೆದರು. ಕೊನೆಗೆ ಒಂದು ದಾರಿ ಹೇಳಿದ್ದೂ ಅವರೇ: ರಸ್ತೆ ಎಲ್ಲರದ್ದು, ಅಲ್ಲಿಂದ ನೋಡಿ. ಬರೆದ ಅಧ್ಯಾಯವನ್ನು ಇವರು ತಮ್ಮ ಕೈಯಾರೆ ಕಿತ್ತು ಹಾಕಿದರು.

“ಸಾರ್ ತಲೆ ಮೇಲೆ ಕೈ ಹೊತ್ತು ಕೂತ್ರು. ಎಲ್ಲರೂ ಮೆಚ್ಚಿದ್ದನ್ನ ನೀವೇ ಹರಿದು ಹಾಕ್ತಿದೀರಲ್ಲಮ್ಮ ಅಂದ್ರು. ಆಮೇಲೆ ಅವರೇ ಚಹಾ ತರಿಸಿಕೊಟ್ರು.”

ವರದಿ ಹೇಳಿದ ಆ ದೂರ ನಿಜವಾಗಿ ಈ ಗೇಟಿನ ಮುಂದಿನ ಕಾಯುವಿಕೆ ಎಂದು ಮನೆಮನೆಗೆ ಹೋಗಿ ಕೇಳಿದಾಗ ತಿಳಿಯಿತು. ಚಳಿಯಲ್ಲಿ ಕೂತ ಮಗುವಿಗೆ ಜ್ವರ, ಜ್ವರ ಬಂದ ಮಗು ಮನೆಯಲ್ಲಿ, ಮನೆಯಲ್ಲುಳಿದ ಮಗು ಮತ್ತೆ ಬರಲೇ ಇಲ್ಲ. ಚಿನಕುರುಳಿಯ ಅಜ್ಜಿ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸದವರು, ಬೆಳಗಿನ ಪಾಳಿ. ಅವರೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದರು. “ಇನ್ನೊಂದು ಸಲ ಜ್ವರ ಬರ್ಲಿ, ಬಿಡಿಸಿಬಿಡ್ತೀನಿ. ಇರೋದು ಅವಳೊಬ್ಳು. ಓದು ಆಮೇಲೆ ನೋಡ್ಕೊಂಡ್ರಾಯ್ತು,” ಎಂದು ಬಾಗಿಲಲ್ಲೇ ನಿಂತು ಹೇಳಿ ಕಳಿಸಿದ್ದರು. ಅಂದು ಬೆಳಿಗ್ಗೆ ಕೆಮ್ಮಿದ ಹುಡುಗಿ ಅವಳೇ. ಕೆಮ್ಮು ಕೇಳಿದ ಕೂಡಲೇ ಇವರು ಎಲ್ಲ ಬಿಟ್ಟು ಓಡಿದ್ದು ಯಾಕೆಂದು ನನಗೆ ಆಮೇಲೆ ಅರ್ಥವಾಯಿತು.

ಗೇಟು ತೆಗೆಸುವುದೇನು ಮಹಾ ಕೆಲಸ ಎಂದು ನಿಮಗನ್ನಿಸಬಹುದು. ನನಗೂ ಅನ್ನಿಸಿತ್ತು. ಹೆಡ್‌ಮೇಡಂ ಕೆಟ್ಟವರಲ್ಲ. “ನೀವು ಬರ್ತೀರಂತ ನಾನೇ ಬೇಗ ಬಂದು ಕಾಯ್ತಿದ್ದೆ ಕಣ್ರೀ. ದಿನಾ ಬರೋಕಾಗುತ್ತಾ? ನನ್ನ ಮನೆನೂ ದೂರ. ದೊಡ್ಡವರು ಇಲ್ಲದೆ ಮಕ್ಕಳನ್ನ ಒಳಗೆ ಬಿಟ್ಟು ಏನಾದ್ರೂ ಆದ್ರೆ ಯಾರು ಹೊಣೆ?” ಎಂದು ಅತ್ತೇಬಿಟ್ಟರಂತೆ. ಬಸ್ಸಿನವರಿಗೆ ಎರಡು ಸುತ್ತು ಹೊಡೆಯದೆ ಗತಿಯಿಲ್ಲ. ಗೇಟು ತೆರೆಯಬೇಡಿ ಎಂದು ಕಚೇರಿಯವರು ಯಾವತ್ತೂ ಹೇಳಿರಲಿಲ್ಲ, ತೆರೆಯಿರಿ ಎಂದೂ ಹೇಳಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಕೆಲಸ ಸರಿಯಾಗಿಯೇ ಮಾಡುತ್ತಿದ್ದರು, ಮಕ್ಕಳು ಮಾತ್ರ ಹೊರಗೆ ಕೂತಿದ್ದರು.

ಟ್ಯಾಂಕಿನ ಹಿಂದೆ ಕೂತು ಕೂತು ಸಂಶೋಧಕಿಯ ಕಣ್ಣಿಗೆ ಇನ್ನೊಂದು ಸಂಗತಿ ಬಿತ್ತು. ಶಾಲೆಯ ಒಂದು ಮೂಲೆಯ ಕಿಟಕಿಯಲ್ಲಿ ದೀಪ. ಮಧ್ಯಾಹ್ನದ ಅಡುಗೆಗೆಂದು ಅಡುಗೆಯವರು ನಸುಕಿನಲ್ಲೇ ಹಿಂದಿನ ಬಾಗಿಲಿನಿಂದ ಬಂದು ಒಲೆ ಹಚ್ಚುತ್ತಿದ್ದರು. ಅಂದರೆ ಒಳಗೆ ದೊಡ್ಡವರೊಬ್ಬರು ದಿನಾ ಇದ್ದರು. ಆದರೆ ನಿಯಮದ ಲೆಕ್ಕದಲ್ಲಿ ಅವರು ಬರೀ ಅಡುಗೆಗೆ. “ಮಕ್ಕಳು ಕಿಟಕಿಯಿಂದ ಕಾಣ್ತವೆ, ಕರುಳು ಚುರುಕ್ ಅನ್ನುತ್ತೆ,” ಎಂದರು ಆ ತಾಯಿ ನನ್ನ ಹತ್ತಿರ. “ಕರೆಯೋಕೆ ನಾನ್ಯಾರು? ನಾಳೆ ಒಂದು ಹೋಗಿ ಒಂದಾದ್ರೆ ನನ್ನ ಕೆಲಸ ಹೋಗುತ್ತೆ.”

ಇಷ್ಟನ್ನೂ ಬರೆದು, ಮಗಳ ಕೆಂಪು ಪೆನ್ನು ದಾಟಿಸಿ, ಇಲಾಖೆಯ ಸಮಿತಿಯ ಮುಂದೆ ಇಟ್ಟರು. ಬೆಳಗಿನ ಹೊತ್ತು ಅಡುಗೆಯವರಿಗೆ ಮಕ್ಕಳನ್ನು ನೋಡಿಕೊಳ್ಳುವ ಅಧಿಕಾರ ಕೊಡಿ, ಅದಕ್ಕೆ ಸಂಬಳ ಸೇರಿಸಿ, ಊಟದ ಕೋಣೆ ತೆರೆದಿಡಿ, ಹೊಣೆ ಇಲಾಖೆಯದು ಎಂದು ಬರೆದುಕೊಡಿ. ಕೇಳಿದ್ದು ಇಷ್ಟೇ. ಉಗ್ರಾಣದ ಗೆಳೆಯರೆಲ್ಲ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದರು. ದೊಡ್ಡ ಅಧಿಕಾರಿ ಕನ್ನಡಕ ತೆಗೆದು, ಇಷ್ಟಕ್ಕೆ ಸಂಶೋಧನೆ ಬೇಕಿತ್ತೇನಮ್ಮ ಎಂದು ಕೇಳಿದರಂತೆ.

“ಬೇಕಿತ್ತು ಸಾರ್ ಅಂದೆ. ನಿಮ್ಮ ವರದೀಲಿ ದೂರ ಅಂತಿತ್ತು. ದೂರ ಅಂದ್ರೆ ಯಾರೂ ಏನೂ ಮಾಡೋಕಾಗಲ್ಲ, ಕೈ ಚೆಲ್ಲಿ ಕೂರಬೇಕು. ಗೇಟು ಅಂದ್ರೆ ತೆಗೀಬಹುದಲ್ಲ ಅಂದೆ.” ಇದನ್ನು ಹೇಳುವಾಗ ಮುಖದಲ್ಲಿ ಒಂದು ಸಣ್ಣ ಹೆಮ್ಮೆ ಬಂದು ಹೋಗುತ್ತದೆ.

ಅಧಿಕಾರಿ ನಕ್ಕು ಸಹಿ ಹಾಕಿದರು. ಸದ್ಯಕ್ಕೆ ಈ ವರ್ಷದ ಮಟ್ಟಿಗೆ, ಈ ಒಂದು ಶಾಲೆಗೆ. ಸರಿಹೋದರೆ ಉಳಿದ ಶಾಲೆಗಳಿಗೂ.

ಆದೇಶವೇನೋ ಬಂತು. ಆದರೆ ಇವರ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ಉಗ್ರಾಣದಲ್ಲಿ ಗೆಳೆಯರು ಸಿಹಿ ಹಂಚುತ್ತಿದ್ದರೆ ಇವರು ಕಿಟಕಿಯ ಹತ್ತಿರ ನಿಂತಿದ್ದರು. ಯಾಕೆಂದು ಕೇಳಿದೆ.

“ನಾನು ಹೋದ್ರೆ ತೆಗೆದೇ ತೆಗೀತಾರೆ. ಟ್ಯಾಂಕಿನ ಹಿಂದೆ ಕೂತ್ರೂ ಈಗ ಎಲ್ಲರಿಗೂ ಗೊತ್ತು, ಅಡುಗೆಯಮ್ಮ ಅಲ್ಲಿಗೇ ಚಹಾ ಕಳಿಸ್ತಾರೆ. ನಾನು ಹೋಗದೇ ಇರೋ ದಿನಾನೂ ಗೇಟು ತೆಗೀಬೇಕು. ಅದೊಂದು ಗೊತ್ತಾದ್ರೆ ಸಾಕು ನಂಗೆ.” ಆಮೇಲೆ ನನ್ನ ಕಡೆ ತಿರುಗಿ, “ನೀವು ಒಂದ್ಸಲ ಹೋಗಿ ನೋಡ್ಕೊಂಡು ಬರ್ತೀರಾ? ಯಾರಿಗೂ ಹೇಳ್ಬೇಡಿ. ಆ ಬಿಳಿ ಶರ್ಟ್ ಮಾತ್ರ ಬೇಡ,” ಎಂದರು.

ಹೀಗಾಗಿ ಕಳೆದ ವಾರ ಒಂದು ಮುಂಜಾನೆ ನಾನೊಬ್ಬನೇ ಆ ರಸ್ತೆಯಲ್ಲಿ ನಿಂತಿದ್ದೇನೆ. ಅಂದಿಗಿಂತ ಹೆಚ್ಚು ಚಳಿ. ಬಸ್ಸು ಬರುತ್ತದೆ, ಮಕ್ಕಳು ಇಳಿಯುತ್ತಾರೆ, ಬಸ್ಸು ಹೊರಡುತ್ತದೆ. ಅದು ಸರಿದ ಮೇಲೆ ನೋಡಿದರೆ ಕಾಂಪೌಂಡಿನ ಪಕ್ಕ ಒಂದು ಮಗುವೂ ಇಲ್ಲ. ಗೇಟು ತೆರೆದಿದೆ. ಊಟದ ಕೋಣೆಯಲ್ಲಿ ದೀಪ ಉರಿಯುತ್ತಿದೆ, ಒಳಗಿನಿಂದ ಗಲಾಟೆಯೋ ಗಲಾಟೆ, ಅದರ ಮೇಲೆ ಅಡುಗೆಯವರ ಗದರಿಕೆ.

ಗೇಟಿನ ಹತ್ತಿರ ಒಬ್ಬ ವಯಸ್ಸಾದ ಹೆಂಗಸು ನಿಂತು ಒಳಗೆ ನೋಡುತ್ತಿದ್ದಾರೆ. ಚಿನಕುರುಳಿಯ ಅಜ್ಜಿ. ಯಾರ ಮಾತನ್ನೂ ನಂಬದೆ, ಪಾಳಿಗೆ ತಡವಾದರೂ ಸರಿ, ಕಣ್ಣಾರೆ ನೋಡೋಣವೆಂದು ಮೊಮ್ಮಗಳ ಜೊತೆ ಬಸ್ಸು ಹತ್ತಿ ಬಂದಿದ್ದಾರೆ. ಶಾಲೆ ಬಿಡಿಸುತ್ತೀರಾ ಎಂದು ಕೇಳುತ್ತೇನೆ.

“ಇನ್ನೆಲ್ಲಿ ಬಿಡಿಸೋದು, ಹೋಗಪ್ಪ! ನನ್ನ ಕೈ ಕೊಸರಿಕೊಂಡು ಓಡಿದ್ಲು. ತಿರುಗಿ ಸಹ ನೋಡ್ಲಿಲ್ಲ,” ಎನ್ನುತ್ತಾರೆ. ಕೋಪದ ಧಾಟಿಯೇ, ಆದರೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಾರೆ.

ನಾನು ಅಲ್ಲಿಂದಲೇ ಫೋನ್ ಮಾಡುತ್ತೇನೆ. ಮೊದಲ ರಿಂಗಿಗೇ ಎತ್ತುತ್ತಾರೆ. ಹಿಂದೆ ಹೊಲಿಗೆ ಯಂತ್ರದ ಸದ್ದು. ತೆಗೆದಿದೆ ಎನ್ನುತ್ತೇನೆ.

“ನೀವು ಬರ್ತೀರಂತ ಮೊದಲೇ ಹೇಳಿರ್ಲಿಲ್ಲ ತಾನೇ?”

ಇಲ್ಲ.

ಯಂತ್ರದ ಸದ್ದು ನಿಲ್ಲುತ್ತದೆ. ಗಂಡನಿಗೂ ಕೇಳಬೇಕಾಗಿದೆ ಎಂದು ಕಾಣುತ್ತದೆ.

“ಚಿನಕುರುಳಿ ನನ್ನನ್ನ ಕೇಳಿದ್ಲಾ? ಗೇಟಕ್ಕ ಎಲ್ಲಿ ಅಂತ?”

ಇಲ್ಲ, ಯಾರೂ ಕೇಳಲಿಲ್ಲ ಎನ್ನುತ್ತೇನೆ.

ಆ ಕಡೆಯಿಂದ ನಗು ಕೇಳುತ್ತದೆ.

“ಸದ್ಯ,” ಎನ್ನುತ್ತಾರೆ ಗೇಟಕ್ಕ.