ಯಾರೂ ಕೇಳದ ಒನ್ಸ್ ಮೋರ್

ಶ್ರೀನಿವಾಸಪುರದ ಶ್ಯಾಮಲಾ ಬಹಳ ವರ್ಷಗಳಿಂದ ಹಳ್ಳಿಗಳ ಪೌರಾಣಿಕ ನಾಟಕಗಳಲ್ಲಿ ರಾಣಿಯ ಪಾತ್ರ ಮಾಡುತ್ತಾರೆ. ಸತ್ತ ರಾಜಕುಮಾರನನ್ನು ಮಡಿಲಲ್ಲಿ ಮಲಗಿಸಿಕೊಂಡು ಅವರು ಹಾಡುವಾಗ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಹಾಡು ಮುಗಿದದ್ದೇ ತಡ, ಗಂಡಸರು ‘ಒನ್ಸ್ ಮೋರ್’ ಎಂದು ಕೂಗುತ್ತಾರೆ. ಶ್ಯಾಮಲಾ ಮತ್ತೆ ಮೊದಲಿನಿಂದ ಹಾಡಬೇಕು.

“ನೋಡಣ್ಣಾ, ನನ್ ಮಗನ್ನ ಊರೂರಲ್ಲೂ ಎರಡೆರಡು ಸಲ ಸಾಯಿಸ್ತಾರೆ ಈ ಜನ” ಎಂದು ಶ್ಯಾಮಲಾ ಹಾರ್ಮೋನಿಯಂ ಮೇಷ್ಟ್ರು ಅಪ್ಪಾಜಪ್ಪನವರ ಹತ್ತಿರ ಹೇಳಿ ನಗುತ್ತಿದ್ದರು.

ಕಳೆದ ವರ್ಷ ಶ್ಯಾಮಲಾ ಅವರ ಒಬ್ಬನೇ ಮಗ ಡೆಂಗಿ ಜ್ವರದಲ್ಲಿ ತೀರಿಕೊಂಡ. ಕೆಲವು ತಿಂಗಳ ಮೇಲೆ ತಾಯಲೂರಿನಲ್ಲಿ ಮತ್ತೆ ಅದೇ ನಾಟಕ, ಅದೇ ಪಾತ್ರ. ವಿಷಯ ಎಲ್ಲರಿಗೂ ತಿಳಿದಿತ್ತು. ಹಾಡು ಮುಗಿದಾಗ ಗಂಡಸರೂ ಅಳುತ್ತಿದ್ದರು. ಒನ್ಸ್ ಮೋರ್ ಎನ್ನಲು ಯಾರಿಗೂ ಬಾಯಿ ಬರಲಿಲ್ಲ.

ಸೇವಕನ ವೇಷದವನು ರಾಜಕುಮಾರನನ್ನು ಎತ್ತಿಕೊಳ್ಳಲು ಬಂದ. ಶ್ಯಾಮಲಾ ಬಿಡಲಿಲ್ಲ. ಆ ಪಾತ್ರಕ್ಕೆ ಮಲಗಿದ್ದ ಊರಿನ ಹುಡುಗನ ತಲೆ ಅವರ ಮಡಿಲಲ್ಲಿ ಬೆಚ್ಚಗಿತ್ತು.

“ಅಣ್ಣಾ, ಇನ್ನೊಂದ್ಸಲ ನುಡ್ಸು” ಎಂದರು.

“ಯಾರೂ ಕೇಳ್ಲಿಲ್ಲಮ್ಮಾ” ಎಂದರು ಅಪ್ಪಾಜಪ್ಪ, ಮೆಲ್ಲಗೆ.

“ನಾನು ಕೇಳ್ತಿದೀನಲ್ಲಣ್ಣಾ.”

ಅಪ್ಪಾಜಪ್ಪ ತಲೆ ತಗ್ಗಿಸಿ ಮತ್ತೆ ಶ್ರುತಿ ಹಿಡಿದರು.