ಭಟ್ಟಿಯ ಪಕ್ಕದ ಕಂಬ

ನಮ್ಮ ಅತ್ತೆ ಮಾರ್ಥಾನಾ ನಲವತ್ತು ವರ್ಷ ಅಂತಿಯೋಕ್ಯ ಪಟ್ಟಣದಲ್ಲಿ ರೊಟ್ಟಿ ಸುಟ್ಟು ಮಾರಿದವರು. ಬೆಂಕಿಗೆ ಹೆದರಲಿಲ್ಲ, ಭೂಕಂಪಕ್ಕೆ ಹೆದರಲಿಲ್ಲ, ನನ್ನ ಬಾಯಿಗಂತೂ ಹೆದರಲೇ ಇಲ್ಲ. ಅವರು ನಡುಗಿದ್ದನ್ನು ನೋಡಿದ್ದು ಒಂದೇ ವರ್ಷ, ಅದೂ ಒಂದು ಕಂಬಕ್ಕಾಗಿ.

ಅಮೃತಶಿಲೆಯ ಕಂಬ ಅದು. ಭಟ್ಟಿಯ ಪಕ್ಕದಲ್ಲಿ ನಿಂತು ಅಟ್ಟವನ್ನು ಹೊತ್ತಿತ್ತು. ಅಟ್ಟದಲ್ಲಿ ನಾನು, ನನ್ನ ಗಂಡ, ಮೂರು ತಿಂಗಳ ಕೂಸು ಮಲಗುತ್ತಿದ್ದೆವು. ಹಿಂದಿನ ಚಕ್ರವರ್ತಿಯ ಕಾಲದಲ್ಲಿ ನಮ್ಮ ಕ್ರೈಸ್ತ ಜನ ಬೀದಿಯ ಕೊನೆಯಲ್ಲಿದ್ದ ಹರ್ಮೀಸ್ ದೇವರ ಗುಡಿ ಕೆಡವಿದಾಗ, ಈಗಿಲ್ಲದ ನಮ್ಮ ಮಾವ ಅದನ್ನು ಗಾಡಿಯಲ್ಲಿ ಹೇರಿಕೊಂಡು ಬಂದಿದ್ದರು. ಹಾಗೆ ತರದವರು ಊರಲ್ಲಿ ಯಾರಿದ್ದರು? ಒಬ್ಬರ ಹೊಸ್ತಿಲು, ಇನ್ನೊಬ್ಬರ ಒಗೆಯುವ ಕಲ್ಲು, ಎಲ್ಲ ಗುಡಿಯದ್ದೇ.

ಆಮೇಲೆ ಹೊಸ ಚಕ್ರವರ್ತಿ ಬಂದ. ಕ್ರೈಸ್ತನಾಗಿಯೇ ಬೆಳೆದವನು, ಪಟ್ಟಕ್ಕೇರಿದ ಮೇಲೆ ಯೇಸುವನ್ನು ಬಿಟ್ಟು ಹಳೆಯ ದೇವರುಗಳಿಗೆ ಹೋರಿ ಕಡಿಸತೊಡಗಿದ. ಗುಡಿಯ ಕಲ್ಲು ಯಾರ ಮನೆಯಲ್ಲಿದ್ದರೂ ವಾಪಸು ಕೊಡಬೇಕೆಂದು ಡಂಗುರ ಹೊಡೆಸಿದ. ಕಂಬ ಕಿತ್ತರೆ ಅಟ್ಟ ಭಟ್ಟಿಯ ಮೇಲೆಯೇ ಕುಸಿಯುತ್ತದೆ. ಮರದ ಕಂಬ ನಿಲ್ಲಿಸೋಣವೆಂದರೆ ಆ ಬೆಂಕಿಯ ಪಕ್ಕ ಮರ ಎಷ್ಟು ದಿನ ಬಾಳೀತು?

"ಗಾರೆ ಮೆತ್ತಿ ಮುಚ್ಚಿಬಿಡೋಣ ಅತ್ತೆ" ಎಂದವಳು ನಾನೇ. ಇಬ್ಬರೂ ಸೇರಿ ದಪ್ಪಗೆ ಮೆತ್ತಿದೆವು. ನಲವತ್ತು ವರ್ಷ ಭಟ್ಟಿಯ ಮುಂದೆ ಕೂತ ಹೆಂಗಸಿಗೂ, ದೊಡ್ಡ ಬುದ್ಧಿವಂತೆಯಾದ ನನಗೂ, ಆ ಶಾಖಕ್ಕೆ ಗಾರೆ ನಿಲ್ಲುವುದಿಲ್ಲ ಎಂದು ಹೊಳೆಯಲೇ ಇಲ್ಲ. ಹತ್ತೇ ದಿನಕ್ಕೆ ಬಿರುಕು ಬಿಟ್ಟಿತು. ಅತ್ತೆ ದಿನವೂ ಬಿರುಕಿಗೆ ರೊಟ್ಟಿಯ ಹಿಟ್ಟು ಮೆತ್ತುತ್ತಿದ್ದರು. ಯಾರೇ ಒಳಗೆ ಬರಲಿ, ಇವರು ಮೊದಲು ಕಂಬ ನೋಡುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ.

ಇದರ ಮೇಲೆ ಜಬೀನಸ್ ಎಂಬ ಮುದುಕನ ಕಾಟ. ಅದೇ ಗುಡಿಯಲ್ಲಿ ಕಸ ಗುಡಿಸುತ್ತಿದ್ದವನು, ಇನ್ನೂ ಹಳೆ ದೇವರುಗಳ ಭಕ್ತ. ವರ್ಷಗಳಿಂದ ದಿನಾ ಬೆಳಿಗ್ಗೆ ಬಂದು ಒಂದು ರೊಟ್ಟಿ ಕೊಳ್ಳುತ್ತಿದ್ದ, ಕಂಬವನ್ನೇ ನೋಡುತ್ತಾ ನಿಲ್ಲುತ್ತಿದ್ದ.

"ಆ ಗೂಬೆ ಒಂದಿನ ನಮ್ಮನ್ನ ಹಿಡಿದುಕೊಡತ್ತೆ ನೋಡಿ" ಎಂದೆ.

"ಬಾಯ್ಮುಚ್ಚೇ. ನಿನ್ನ ನಾಲಿಗೆಯಿಂದಲೇ ಅಟ್ಟ ಬಿದ್ದೀತು" ಎಂದರು ಅತ್ತೆ. ಇನ್ನೊಂದು ಮುಷ್ಟಿ ಹಿಟ್ಟು ತೆಗೆದು ಬಿರುಕಿಗೆ ಮೆತ್ತಿದರು.

ಕೊನೆಗೆ ಕಲ್ಲು ಹುಡುಕುವ ಅಧಿಕಾರಿ ನಮ್ಮ ಬೀದಿಗೂ ಬಂದ. ಗುರುತು ಹೇಳಲು ಯಾರನ್ನು ಕರೆತಂದಿದ್ದ ಗೊತ್ತೇ? ಜಬೀನಸನನ್ನೇ. ಅವರು ಹೊಸ್ತಿಲು ದಾಟುವಾಗಲೇ ಕಂಬದಿಂದ ಅಂಗೈಯಗಲ ಗಾರೆ ಕಳಚಿ ಬಿತ್ತು. ಬೆಳ್ಳನೆಯ ಕಲ್ಲು ಹೊಳೆಯಿತು. ಕೂಸನ್ನು ಅವುಚಿಕೊಂಡೆ.

ಮುದುಕ ನೆಟ್ಟಗೆ ಕಂಬದ ಹತ್ತಿರ ನಡೆದ. ತಿರುಗಿ, ಆ ಬೆಳ್ಳನೆಯ ಜಾಗಕ್ಕೇ ಬೆನ್ನು ಕೊಟ್ಟು ಒರಗಿದ.

"ಅಯ್ಯೋ, ಸೊಂಟ ಹಿಡ್ಕೊಂಡ್ತು ಸ್ವಾಮಿ. ಇಲ್ಲೇನಿದೆ, ಬರೀ ಮಣ್ಣು ಮಸಿ. ನಮ್ಮ ದೇವರ ಕಲ್ಲು ಈ ಹೊಗೆ ಗೂಡಲ್ಲಿ ಇರತ್ತಾ? ಮುಂದಿನ ಮನೆ ನೋಡಿ, ನಾ ಹಿಂದೆ ಬರ್ತೀನಿ."

ಅಧಿಕಾರಿ ಮೂಗು ಮುಚ್ಚಿಕೊಂಡು ಹೊರಟ. ಅತ್ತೆ ಮುದುಕನ ಕಡೆ ತಿರುಗಿದರು.

"ಯಾಕಪ್ಪಾ ಹೀಗೆ ಮಾಡ್ದೆ? ನಿನ್ನ ದೇವರದ್ದಲ್ವಾ?"

"ಅವತ್ತು ಗುಡಿ ಕೆಡವಿದವರು ಉಳಿದ ಕಂಬ ಎಲ್ಲ ಸುಟ್ಟು ಸುಣ್ಣ ಮಾಡಿದ್ರು ತಾಯಿ. ನಾನು ಕಾಲು ಹಿಡಿದೆ ಅಂತ ನಿಮ್ಮ ಯಜಮಾನ್ರು ಇದೊಂದನ್ನ ಉಳಿಸಿದ್ರು. ಚಕ್ರವರ್ತಿಗಳು ಬರ್ತಾರೆ, ಹೋಗ್ತಾರೆ. ಇಲ್ಲಿ ಅದು ಬೆಚ್ಚಗಿದೆ. ದಿನಾ ನೋಡ್ತೀನಿ."

ಮುಂದಿನ ಬೇಸಿಗೆಯಲ್ಲಿ ಚಕ್ರವರ್ತಿ ಪರ್ಷಿಯಾದ ಯುದ್ಧದಲ್ಲಿ ಸತ್ತ ಸುದ್ದಿ ಬಂತು. ನಮ್ಮ ಬೀದಿ ಕುಣಿಯಿತು, ನಾನೂ ಕುಣಿದೆ. ಹಳೆ ದೇವರ ಭಕ್ತರ ಬಾಗಿಲುಗಳಿಗೆ ಕಲ್ಲು ಬಿದ್ದವು. ಜಬೀನಸ್ ಮೂರು ದಿನ ರೊಟ್ಟಿಗೆ ಬರಲಿಲ್ಲ.

ನಾಲ್ಕನೆಯ ಬೆಳಿಗ್ಗೆ ಅತ್ತೆ ಬಿಸಿ ರೊಟ್ಟಿಯೊಂದನ್ನು ನನ್ನ ಕೈಗಿಟ್ಟರು. "ಹೋಗು. ಗೂಬೆ ಅಂದವಳು ನೀನೇ ಅಲ್ವಾ?"

ಹೋಗಿ ಮುದುಕನ ಬಾಗಿಲು ತಟ್ಟಿದೆ. ಒಳಗೆ ಉಸಿರಾಟ ಕೇಳುತ್ತಿತ್ತು, ಯಾರೂ ತೆರೆಯಲಿಲ್ಲ. ನನಗೆ ನಾಚಿಕೆಯಾಯಿತು. ಬಾಗಿಲಿಗೆ ಬಾಯಿ ಇಟ್ಟು ಹೇಳಿದೆ.

"ತಾತಾ, ಕಂಬ ಚೆನ್ನಾಗಿದೆ."

ಅಗುಳಿ ಸರಿದ ಸದ್ದಾಯಿತು.